ಇಪ್ಪತ್ತೊಂದರ ಮಗ್ಗಿಯಲ್ಲಿ ಇಳಿದ ಬಾವಿ

ಎದುರಿಗೆ ಬಂದ ಸಂಖ್ಯೆಯನ್ನೆಲ್ಲ ಭಾಗಿಸಿ ನೋಡುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಹಲಸೂರಿನ ಸ್ಟಾಪಿನಲ್ಲಿ ನಿಂತು ಬಸ್ಸಿನ ನಂಬರನ್ನು ಏಳರಿಂದ ಭಾಗಿಸುತ್ತೇನೆ, ಆಟೋದ ನಂಬರನ್ನು ಹದಿಮೂರರಿಂದ. ಭಾಗಿಸುತ್ತಾ ನಿಂತು ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ಇನ್ನೊಂದು ಗುಣ ಅಪ್ಪನಿಂದ ಬಂದದ್ದು. ಅಪ್ಪ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡುತ್ತಿದ್ದರು. ತಾವು ಕೈಯಾರೆ ಅಳೆಯದ ಯಾವುದನ್ನೂ ಅವರು ನಂಬಿದವರಲ್ಲ. ಅಮ್ಮ ಹೂವು ತಂದರೆ ಅದಕ್ಕೂ ಸ್ಕೇಲು ಹಿಡಿದು, ಮೊಳಕ್ಕೆ ಮೂರು ಸೆಂಟಿಮೀಟರ್ ಕಮ್ಮಿ ಕೊಟ್ಟಿದ್ದಾಳೆ ನೋಡು ಅನ್ನುತ್ತಿದ್ದರು. ಅಮ್ಮ ಕೇಳಿಸದವಳ ಹಾಗೆ ಮುಡಿದುಕೊಳ್ಳುತ್ತಿದ್ದಳು. ನಾನು ಅಪ್ಪನ ಪಾರ್ಟಿ. ಇವತ್ತಿಗೂ ಹೂವಿನವರ ಮುಂದೆ ನಿಂತರೆ ನನ್ನ ಕಣ್ಣು ಹೂವಿನ ಮೇಲಿರುವುದಿಲ್ಲ, ಅವರ ಮೊಣಕೈ ಮೇಲಿರುತ್ತದೆ.

ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ ಕಡೆಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, ಈ ಸೆಮಿಸ್ಟರಿನಿಂದ 'ಗಣಿತ ಮತ್ತು ಪರಿಸರ' ಅಂತ ಒಂದು ಐಚ್ಛಿಕ ಪತ್ರಿಕೆ ಶುರುವಾಗುತ್ತೆ, ನೀವೇ ತಗೊಳ್ಳಿ ಅಂದರು. ನನಗೆ ಆಗಲೇ ಅನುಮಾನ ಬಂತು. ಕಾಲೇಜಿಗೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಹುಟ್ಟಿತೆಂದರೆ ಯಾವುದೋ ತಂಡ ತಪಾಸಣೆಗೆ ಬರುತ್ತದೆ ಎಂದೇ ಅರ್ಥ. ಸ್ಟಾಫ್ ರೂಮಿನಲ್ಲೂ ತಮಾಷೆ ಶುರುವಾಯಿತು. ಗಿಡಕ್ಕೆ ನೀರು ಹಾಕಿ ಡಿಫರೆನ್ಷಿಯೇಟ್ ಮಾಡಿಸ್ತೀರಾ ಅಂತ ಒಬ್ಬರು ಕೇಳಿದರು. ಸಿಟ್ಟು ಬಂತು. ಹಟಕ್ಕೆ ಬಿದ್ದೇ ಒಪ್ಪಿಕೊಂಡೆ.

ಇಪ್ಪತ್ತಾರು ಮಕ್ಕಳು ಸೇರಿದರು. ಅರ್ಧದಷ್ಟು ಮಂದಿ ಸುಲಭದ ಪೇಪರ್ ಅಂದುಕೊಂಡು ಬಂದವರು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಂದು ನಿಯಮ ಹಾಕಿದೆ: ಪ್ರತಿಯೊಬ್ಬರೂ ತಮ್ಮ ಬೀದಿಯಲ್ಲಿ ಏನಾದರೂ ಒಂದನ್ನು ಹತ್ತು ವಾರ ಅಳೆಯಬೇಕು, ವಾರಕ್ಕೆ ಮೂರು ಸಲ, ಒಟ್ಟು ಮೂವತ್ತು ಅಳತೆ. ಅದರಿಂದ ಗ್ರಾಫು, ಸರಾಸರಿ, ಏರಿಳಿತದ ಲೆಕ್ಕ. ಒಂದು ಸಾಲು ಖಾಲಿ ಬಿಟ್ಟರೂ ಅಂಕ ಕಟ್. ದೊಡ್ಡನೆಕ್ಕುಂದಿಯ ಒಬ್ಬ ರಸ್ತೆಯ ಗದ್ದಲ ಅಳೆಯುತ್ತೇನೆಂದ. ಇನ್ನೊಬ್ಬಳು ಇಂದಿರಾನಗರದ ತನ್ನ ಬೀದಿಯ ಮರಗಳ ನೆರಳನ್ನು ಆರಿಸಿಕೊಂಡಳು. ರಾಮಮೂರ್ತಿ ನಗರದಿಂದ ಬರುತ್ತಿದ್ದ ಒಬ್ಬಳು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಮಾತು ಕಮ್ಮಿಯ ಹುಡುಗಿ, ತಮ್ಮ ವಠಾರದ ಹಳೇ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುತ್ತೇನೆ ಅಂದಳು.

ಇವರು ಅಳೆಯದೇ ಬರೆದುಕೊಂಡು ಬರುತ್ತಾರೆ ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಅದಕ್ಕೆ ಎರಡನೇ ವಾರವೇ ಒಂದು ಪಾಠ ಮಾಡಿದೆ. ಎಲ್ಲರೂ ತಲೆಗೆ ಬಂದ ಮೂರಂಕಿಯ ಸಂಖ್ಯೆಗಳನ್ನು ಒಂದು ಪುಟ ಬರೆಯಿರಿ ಎಂದೆ. ಬರೆದರು. ಕೊನೆಯ ಅಂಕಿಗಳನ್ನು ಮಾತ್ರ ಎಣಿಸಿ ಎಂದೆ. ಸೊನ್ನೆ, ಐದು ಬಹಳ ಕಮ್ಮಿ. ಏಳು, ಮೂರು ಬೇಕಾದಷ್ಟು. ಸುಳ್ಳು ಬರೆಯುವ ಕೈಗೆ ಸೊನ್ನೆ ಕಂಡರೆ ಭಯ, ದುಂಡಗಿನ ಸಂಖ್ಯೆ ಬರೆದರೆ ಸಿಕ್ಕಿಬೀಳುತ್ತೇನೆ ಅನ್ನಿಸುತ್ತದೆ ಎಂದು ವಿವರಿಸಿದೆ. ನಿಜವಾಗಿ ಓಡುವ ಮೀಟರಿಗೆ ಆ ಭಯವಿಲ್ಲ, ಅದರಲ್ಲಿ ಹತ್ತೂ ಅಂಕಿಗಳು ಹೆಚ್ಚುಕಮ್ಮಿ ಸಮನಾಗಿ ಬರುತ್ತವೆ. ಮಕ್ಕಳು ನಕ್ಕರು. ಹಿಂದಿನ ಬೆಂಚಿನವಳು ನಗಲಿಲ್ಲ, ಬರೆದುಕೊಂಡಳು. ಕದಿಯುವುದನ್ನು ಇನ್ನೂ ಚೆನ್ನಾಗಿ ಕಲಿಸಿಬಿಟ್ಟೆನಾ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ.

ಏಳನೇ ವಾರ ನೋಟ್‌ಬುಕ್ಕುಗಳನ್ನು ತರಿಸಿಕೊಂಡೆ. ಆ ಹುಡುಗಿಯ ಪುಸ್ತಕ ತೆಗೆದವಳು ಮೊದಲ ಪುಟದಲ್ಲೇ ನಿಂತೆ. ಬಾವಿಯ ಕಟ್ಟೆಯಿಂದ ನೀರಿಗೆ ಇರುವ ದೂರ, ಸೆಂಟಿಮೀಟರಿನಲ್ಲಿ: 693, 714, 714, 735, ಆಮೇಲೆ 756, 777. ನನ್ನ ಚಟ ಸುಮ್ಮನಿರಬೇಕಲ್ಲ. ಏಳರಿಂದ ಭಾಗಿಸಿದೆ, ಹೋಯಿತು. ಮೂರರಿಂದ ಭಾಗಿಸಿದೆ, ಹೋಯಿತು. ಪುಟ ತಿರುಗಿಸಿ ಎಲ್ಲವನ್ನೂ ಭಾಗಿಸಿದೆ. ಒಂದೂ ಬಿಡದೆ ಇಪ್ಪತ್ತೊಂದರ ಮಗ್ಗಿ. ಯಾವ ಬಾವಿಯ ನೀರು ಮಗ್ಗಿ ಹೇಳಿಕೊಂಡು ಇಳಿಯುತ್ತದೆ? ಕೊನೆಯ ಅಂಕಿಯ ಪರೀಕ್ಷೆಗೆ ಸಿಗದಿರಲಿ ಎಂದು ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ಹುಟ್ಟಿಸಿದ ಅಳತೆಗಳು ಎಂದು ತೀರ್ಮಾನಿಸಿದೆ. ನಡುನಡುವೆ ನಾಲ್ಕು ಸಾಲು ಖಾಲಿ ಬೇರೆ. ಅದನ್ನೂ ನಂಬಿಸುವುದಕ್ಕೆ ಮಾಡಿದ ಉಪಾಯ ಎಂದುಕೊಂಡೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು. ಹಿಡಿದೆನಲ್ಲ ಎನ್ನುವ ಖುಷಿ.

ಕರೆಸಿದೆ. ಇದನ್ನು ನೀನೇ ಅಳೆದೆಯಾ ಎಂದು ಕೇಳಿದೆ. ಇಲ್ಲ, ಮಧ್ಯಾಹ್ನ ತಾನು ಕಾಲೇಜಿನಲ್ಲಿರುವುದರಿಂದ ಅಮ್ಮ ಅಳೆಯುತ್ತಾಳೆ ಅಂದಳು. ಆ ಹೊತ್ತಿನಲ್ಲಿ ಯಾರೂ ನೀರು ಸೇದುವುದಿಲ್ಲವಂತೆ.

"ಯಾವುದರಲ್ಲಿ ಅಳೀತಾರೆ?"

"ಕೈಯಲ್ಲಿ, ಮ್ಯಾಮ್."

ಅಧಿಕಪ್ರಸಂಗ ಮಾಡುತ್ತಿದ್ದಾಳೆ ಅನ್ನಿಸಿತು. ಅವಳು ಇನ್ನೇನೋ ಹೇಳಲು ಹೊರಟಿದ್ದಳು, ನಾನು ಬಿಡಲಿಲ್ಲ. ಹುಟ್ಟಿಸಿಕೊಂಡು ಬರೆಯುವುದು ಪರೀಕ್ಷೆಯಲ್ಲಿ ಕಾಪಿ ಹೊಡೆದಷ್ಟೇ ತಪ್ಪು, ಶಿಸ್ತು ಸಮಿತಿಗೆ ಬರೆದರೆ ಈ ಪೇಪರಿನಲ್ಲಿ ಸೊನ್ನೆ, ಅಂತಿಮ ವರ್ಷದಲ್ಲಿ ಫೇಲಾದರೆ ಎಂ.ಎಸ್‌ಸಿ. ಸೀಟಿನ ಆಸೆ ಬಿಡಬೇಕಾಗುತ್ತೆ ಎಂದು ಹೇಳಿದೆ. ಅವಳು ಗಣಿತದಲ್ಲೇ ಎಂ.ಎಸ್‌ಸಿ. ಮಾಡಬೇಕೆಂದಿರುವುದು ನನಗೆ ಗೊತ್ತಿತ್ತು. ಅವಳ ಕಣ್ಣು ತುಂಬಿತು, ಆದರೆ ತಲೆ ತಗ್ಗಿಸಲಿಲ್ಲ. "ಬಂದು ನೋಡಿ ಮ್ಯಾಮ್," ಅಂದಳು. ಸೋಮವಾರ ಪತ್ರ ಕೊಡುತ್ತೇನೆ, ಅಷ್ಟರಲ್ಲಿ ಒಪ್ಪಿಕೊಂಡರೆ ನಿನಗೇ ಒಳ್ಳೆಯದು ಎಂದು ಕಳಿಸಿದೆ.

ಅವಳು ಹೋದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಒಂದು ಬೋರ್‌ವೆಲ್ ಇದೆ, ಅದಕ್ಕೊಂದು ಮೀಟರು. ದಿನಾ ಅದನ್ನು ಓದಿ ರಿಜಿಸ್ಟರಿನಲ್ಲಿ ಬರೆಯಬೇಕು. ಹಸಿರು ಸಮಿತಿ ಎಂಬ ಹೆಸರಿನಲ್ಲಿ ಆ ರಿಜಿಸ್ಟರು ನನ್ನ ಪಾಲಿಗೆ ಬಂದಿತ್ತು. ಆ ಸೆಮಿಸ್ಟರಿನ ಹಿಂದಿನ ಬೇಸಿಗೆ ರಜೆಯಲ್ಲಿ ಯಾರೂ ಮೀಟರು ಓದಿರಲಿಲ್ಲ. ನಾನೂ ಓದಿರಲಿಲ್ಲ. ಕಾಲೇಜು ತೆರೆದ ವಾರವೇ ತಪಾಸಣೆಯ ತಂಡ ಬರುವುದಿತ್ತು. ಖಾಲಿ ಪುಟ ನೋಡಿದರೆ ಪ್ರಶ್ನೆ ಕೇಳ್ತಾರೆ, ಸ್ವಲ್ಪ ನೋಡ್ಕೊಳ್ಳಿ ಮೇಡಂ, ಎಂದಿದ್ದರು ಮುಖ್ಯಸ್ಥರು. ಸುಳ್ಳು ಬರೆಯಿರಿ ಎಂದು ಅವರೇನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಂದು ಮಧ್ಯಾಹ್ನ ನೀಲಿ ಪೆನ್ನು, ಕಪ್ಪು ಪೆನ್ನು ಎರಡನ್ನೂ ಇಟ್ಟುಕೊಂಡು ಕೂತು ನಲವತ್ತೊಂದು ದಿನದ ಮೀಟರು ನಾನೇ ಬರೆದೆ. ಕೊನೆಗೆ ಸಹಿ ಹಾಕಿದೆ. ತಂಡದವರು ಪುಟ ತಿರುವಿ, ಒಂದು ದಿನವೂ ಬಿಟ್ಟುಹೋಗಿಲ್ಲ, ಭೇಷ್ ಎಂದರು. ಹೀಗಾಗಿ ಸುಳ್ಳು ಬರೆಯುವ ಕೈಯ ಬಗ್ಗೆ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ವಾರದ ಶುಕ್ರವಾರ ಆಫೀಸಿನವರು ಮಾತಿನ ನಡುವೆ ಒಂದು ವಿಷಯ ಹೇಳಿದರು. ನಿಮ್ಮ ಸ್ಟೂಡೆಂಟ್ ಒಬ್ಬಳು ಬಂದು ನೀರಿನ ರಿಜಿಸ್ಟರಿನ ಹಳೇ ಪುಟಗಳ ಜೆರಾಕ್ಸ್ ತೆಗೆಸಿಕೊಂಡು ಹೋದಳು, ನಿಮ್ಮದೇ ಪ್ರಾಜೆಕ್ಟಿಗಂತೆ, ಅಂದರು. ಯಾರು ಎಂದು ಕೇಳಿದೆ. ರಾಮಮೂರ್ತಿ ನಗರದವಳು. ಯಾವತ್ತು ಎಂದು ಕೇಳಿದೆ. ಹೋದ ತಿಂಗಳೇ.

ಅವಳು ಬಂದು ನೋಡಿ ಅಂದ ದನಿಯನ್ನು ಮತ್ತೆ ಮತ್ತೆ ನೆನಪಿಸಿಕೊಂಡೆ. ಅದರಲ್ಲಿ ಬೆದರಿಕೆ ಇತ್ತೇ? ಪಾಠದ ದಿನ ಅವಳೊಬ್ಬಳೇ ಯಾಕೆ ನಗಲಿಲ್ಲ? ಶನಿವಾರ ಕಾರಿಡಾರಿನಲ್ಲಿ ಎದುರಾದಾಗ ನಮಸ್ಕಾರ ಮಾಡಿದಳು. ಅದರಲ್ಲೂ ಏನೋ ಕಂಡಂತಾಯಿತು. ಅವಳ ಪಕ್ಕ ನಿಂತಿದ್ದವರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಎಷ್ಟು ಕೀಳಾಗಿ ಯೋಚಿಸಿದೆನೆಂದರೆ, ಸೋಮವಾರಕ್ಕೆ ಕಾಯದೆ ಇವತ್ತೇ ಪತ್ರ ಕೊಟ್ಟುಬಿಟ್ಟರೆ, ಮುಂದೆ ಅವಳು ನನ್ನ ಬಗ್ಗೆ ಏನು ಹೇಳಿದರೂ ಸೇಡಿಗೆ ಹೇಳುತ್ತಿದ್ದಾಳೆ ಎಂದಾಗುತ್ತದೆ ಎಂದು ಲೆಕ್ಕ ಹಾಕಿದೆ. ಪತ್ರ ಬರೆದೂ ಬಿಟ್ಟೆ. ಕೊಡುವ ಮುಂಚೆ ಅಪ್ಪನ ನೆನಪಾಯಿತು. ಅವರು ಯಾವ ಬಿಡಿಭಾಗವನ್ನೂ ತಾವು ಅಳೆಯದೆ ತಿರಸ್ಕರಿಸಿದವರಲ್ಲ. ಪತ್ರವನ್ನು ಬ್ಯಾಗಿಗೆ ಹಾಕಿಕೊಂಡೆ, ಜೊತೆಗೆ ಅಪ್ಪನ ಹಳೇ ಸ್ಟೀಲ್ ಟೇಪನ್ನೂ.

ಭಾನುವಾರ ಬೆಳಿಗ್ಗೆ ಹೊರಟೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಅರ್ಧ ಗಂಟೆ ಕದಲಲಿಲ್ಲ. ಇಳಿದು ವಿಳಾಸ ಕೇಳಿಕೊಂಡು ಹೋದೆ. ಆರು ಬಾಡಿಗೆ ಮನೆಗಳ ವಠಾರ, ಮಧ್ಯದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಬಾವಿ. ಬಾವಿ ಇರುವುದಂತೂ ನಿಜ ಎಂದುಕೊಂಡೆ. ಅದರ ಪಕ್ಕದ ಜಗಲಿಯ ಮೇಲೆ ಕಾಕಡ ಹೂವಿನ ರಾಶಿ ಹಾಕಿಕೊಂಡು ಒಬ್ಬ ಹೆಂಗಸು ಕಟ್ಟುತ್ತಿದ್ದರು, ಚಿಕ್ಕ ಮೈಕಟ್ಟಿನವರು. ಹುಡುಗಿ ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತಳು. ತಾಯಿ ಏಳಲಿಲ್ಲ, ಕೈಯಲ್ಲಿ ದಾರ ಇತ್ತಲ್ಲ. ನಸುಕಿಗೇ ಶಿವಾಜಿನಗರದ ಮಾರ್ಕೆಟ್ಟಿನಿಂದ ಬಿಡಿಹೂವು ತಂದು, ಮಧ್ಯಾಹ್ನದವರೆಗೆ ಕಟ್ಟಿ, ಸಂಜೆ ಹಲಸೂರಿನಲ್ಲಿ ಕೂತು ಮಾರುತ್ತಾರಂತೆ. ಆ ಮುಖವನ್ನು ಎಲ್ಲೋ ನೋಡಿದ್ದೇನೆ ಎಂದು ನಾನು ಯೋಚಿಸುವಷ್ಟರಲ್ಲಿ, ಅವರು ನನ್ನನ್ನು ಗುರುತಿಸಿದ್ದರು. ದೇವಸ್ಥಾನದ ಹತ್ತಿರ ಬಂದು ಮೊಣಕೈ ನೋಡೋ ಮೇಡಂ ಅಲ್ವಾ ನೀವು, ಅಂದರು.

ನಾಚಿಕೆಯಾಯಿತು, ಆದರೂ ಬಂದ ಕೆಲಸ ಬಿಡಲಿಲ್ಲ. ಬಾವಿ ಅಳೆದು ತೋರಿಸಿ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಎದ್ದು, ತುದಿಗೆ ಕಲ್ಲು ಕಟ್ಟಿದ ಹಗ್ಗವನ್ನು ಜಾಲರಿಯ ಕಿಂಡಿಯಿಂದ ಇಳಿಬಿಟ್ಟರು. ಕಲ್ಲು ನೀರು ಮುಟ್ಟಿದ್ದು ಕೈಗೆ ಗೊತ್ತಾಗುತ್ತದಂತೆ. ಕಟ್ಟೆಯ ಮಟ್ಟದಲ್ಲಿ ಹಗ್ಗವನ್ನು ಚಿವುಟಿ ಹಿಡಿದು ಮೇಲೆಳೆದರು. ಆಮೇಲೆ ಜಗಲಿಯ ಮೇಲೆ ಕೂತು, ಹೂವಿನ ಸರ ಅಳೆಯುವ ಹಾಗೆಯೇ, ಮೊಣಕೈಯಿಂದ ನಡುಬೆರಳಿನ ತುದಿಗೆ, ಒಂದು, ಎರಡು, ಮೂರು ಎನ್ನುತ್ತಾ ಹಗ್ಗವನ್ನು ಅಳೆದರು. ಹದಿನೆಂಟೂವರೆ ಮೊಳ.

ಮೊಳಕ್ಕೆ ನಲವತ್ತೆರಡು ಸೆಂಟಿಮೀಟರ್ ಹಿಡಿದಿದ್ದೇನೆ, ಅಮ್ಮ ಅರ್ಧ ಮೊಳಕ್ಕಿಂತ ಕಮ್ಮಿ ಲೆಕ್ಕ ಹೇಳುವುದಿಲ್ಲ, ಹೂವು ಕೊಡುವಾಗಲೂ ಅಷ್ಟೇ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಅರ್ಧ ಮೊಳ ಎಂದರೆ ಇಪ್ಪತ್ತೊಂದು. ಮಗ್ಗಿ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಆದರೆ ನನ್ನ ಅನುಮಾನ ಅಷ್ಟು ಸುಲಭಕ್ಕೆ ಸಾಯುವುದಲ್ಲ. ಪಾಠ ಹೇಳಿಕೊಡುವವಳ ಹಾಗೆ, ಕೈಯಳತೆ ದಿನದಿನಕ್ಕೂ ಬದಲಾಗುತ್ತದೆ, ಅದನ್ನು ನಂಬುವ ಹಾಗಿಲ್ಲ ಎಂದೆ. ಟೇಪು ತೆಗೆದೆ. ಹೂವಿನ ಸರದಿಂದ ಒಂದೊಂದೇ ಮೊಳ ಅಳೆದು ಕತ್ತರಿಸದೆ ಗುರುತು ಮಾಡಿ ಎಂದು ಕೇಳಿದೆ. ಅವರು ಹುಡುಗಿಯೊಡನೆ ಮಾತಾಡುತ್ತಾ, ಸರದ ಕಡೆ ನೋಡದೆ, ಹತ್ತು ಸಲ ಅಳೆದರು. ನಾನು ಮೊಣಕಾಲೂರಿ ಕೂತು ಹತ್ತು ಸಲವೂ ಟೇಪು ಹಿಡಿದೆ. ನಲವತ್ತೆರಡು, ನಲವತ್ತೆರಡು, ಒಂದು ಸಲ ನಲವತ್ತೆರಡಕ್ಕೆ ಕೂದಲೆಳೆಯಷ್ಟು ಹೆಚ್ಚು, ಮತ್ತೆ ನಲವತ್ತೆರಡು. ನಮ್ಮ ಲ್ಯಾಬಿನಲ್ಲಿ ಮಕ್ಕಳ ಕೈಗೆ ಸ್ಕೇಲು ಕೊಟ್ಟರೂ ಇಷ್ಟು ಒಂದೇ ಸಮ ಬರುವುದಿಲ್ಲ.

"ಮೊಳ ಚಿಕ್ಕದು ಅಂತ ಎಲ್ಲಾರೂ ಜಗಳ ಆಡ್ತಾರೆ ಮೇಡಂ," ಅಂದರು ತಾಯಿ. "ಚಿಕ್ಕದೇ. ನನ್ನ ಕೈಯೇ ಚಿಕ್ಕದು, ಏನ್ ಮಾಡ್ಲಿ? ಆದ್ರೆ ಯಾವತ್ತೂ ಅಷ್ಟೇ ಇರುತ್ತೆ."

ತರಗತಿಯಲ್ಲಿ ನಾನು ಎರಡು ಗಂಟೆ ತೆಗೆದುಕೊಂಡು ಹೇಳುವ ವಿಷಯ ಅದು. ಸದಾ ಒಂದೇ ಪ್ರಮಾಣದಲ್ಲಿ ತಪ್ಪುವ ಅಳತೆಯನ್ನು ಸರಿಪಡಿಸಬಹುದು, ತೋಚಿದ ಹಾಗೆ ತಪ್ಪುವುದನ್ನು ಸರಿಪಡಿಸಲಾಗುವುದಿಲ್ಲ. ಖಾಲಿ ಸಾಲುಗಳು ಯಾಕೆ ಎಂದು ಕೊನೆಯದಾಗಿ ಕೇಳಿದೆ. ಹಬ್ಬದ ಹಿಂದಿನ ದಿನಗಳು ಅವು, ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ ಅಂದರು. ಖಾಲಿ ಬಿಟ್ಟರೆ ಮಿಸ್ಸು ಮಾರ್ಕ್ಸ್ ಕಟ್ ಮಾಡ್ತಾರೆ, ಅಂದಾಜಿಗೆ ಹೇಳಮ್ಮ ಎಂದು ಮಗಳು ಅತ್ತಿದ್ದಳಂತೆ.

"ನಾನೇ ಬೇಡ ಅಂದೆ. ಗಿರಾಕಿ ಕಣ್ಣೆದುರಿಗೇ ಅಳ್ದು ಕೊಡೋರು ನಾವು. ಅಳೀದೇ ಇದ್ದಿದ್ದನ್ನ ಅಳ್ದೆ ಅಂತ ಹೆಂಗೆ ಹೇಳೋದು?"

ನಾನು ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಹೊರಡುವಾಗ ಒಂದು ಮೊಳ ಕಾಕಡ ಕೊಟ್ಟರು. ಹುಡುಗಿ ಬಸ್ ಸ್ಟಾಪಿನವರೆಗೆ ಬಂದಳು. ಎರಡು ಗಲ್ಲಿ ಆಚೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಆಳವಾದ ಗುಂಡಿ ತೋಡಿದ್ದರು. ಅದರಲ್ಲಿ ಒಸರಿದ ನೀರನ್ನು ಪಂಪು ಹಚ್ಚಿ ಹಗಲೂ ರಾತ್ರಿ ಮೋರಿಗೆ ಬಿಡುತ್ತಿದ್ದರು. ಪಂಪು ಶುರುವಾದ ವಾರದಿಂದಲೇ ಬಾವಿ ಇಳಿಯತೊಡಗಿತ್ತು, ಅವಳ ಪುಸ್ತಕದಲ್ಲಿ ಅದು ಸ್ಪಷ್ಟವಾಗಿತ್ತು. ನಾನು ಮಗ್ಗಿ ನೋಡಿದ್ದೆ, ಬಾವಿ ಬತ್ತುತ್ತಿರುವುದನ್ನು ನೋಡಿರಲಿಲ್ಲ. ತಪ್ಪಾಯಿತಮ್ಮ ಎಂದೆ. ಪರವಾಗಿಲ್ಲ ಮ್ಯಾಮ್ ಅಂದಳು. ರಿಜಿಸ್ಟರಿನ ಜೆರಾಕ್ಸ್ ಯಾಕೆ ಬೇಕಿತ್ತು ಎಂದು ಕೇಳಲು ಬಾಯಿ ತೆರೆದೆ, ಬಸ್ಸು ಬಂತು. ಬಸ್ಸಿನಲ್ಲಿ ಪತ್ರವನ್ನು ಹರಿದು ಹಾಕಿದೆ. ಅವಳ ಮೇಲಿನ ಅನುಮಾನ ಹೋಯಿತು, ಭಯ ಹೋಗಲಿಲ್ಲ.

ಆಮೇಲಿನ ಮೂರು ವಾರ ಅವಳ ಮುಖ ಓದುವುದೇ ನನ್ನ ಕೆಲಸವಾಯಿತು. ಅವಳು ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ. ನಾನೂ ಅಷ್ಟೇ.

ಪ್ರಾಜೆಕ್ಟ್ ಮಂಡಿಸುವ ದಿನ ಮುಖ್ಯಸ್ಥರೂ ಬಂದು ಹಿಂದೆ ಕೂತರು. ಅವಳ ಸರದಿ ಬಂತು. ಬಾವಿಯ ಗ್ರಾಫು ತೋರಿಸಿ, ಪಂಪು ಶುರುವಾದ ದಿನಕ್ಕೆ ಒಂದು ಗೀಟು ಎಳೆದು ಚೆನ್ನಾಗಿ ವಿವರಿಸಿದಳು. ಖಾಲಿ ದಿನಗಳಿಗೆ ಒಂದು ಪ್ರತ್ಯೇಕ ಪಟ್ಟಿ ಮಾಡಿದ್ದಳು: ದಿನ, ಅದರ ಮುಂದೆ ಕಾರಣ. ಹಬ್ಬದ ವ್ಯಾಪಾರ, ಅಮ್ಮನಿಗೆ ಬಿಡುವಿಲ್ಲ. ಆಮೇಲೆ, ಹೋಲಿಸಿ ನೋಡುವುದಕ್ಕೆ ಕಾಲೇಜಿನ ಬೋರ್‌ವೆಲ್ ಎಷ್ಟು ನೀರೆತ್ತುತ್ತದೆ ಎಂದೂ ನೋಡಿದ್ದೇನೆ ಎಂದು ಇನ್ನೊಂದು ಗ್ರಾಫು ತೋರಿಸಿದಳು. ಬೇಸಿಗೆ ರಜೆಯ ಜಾಗದಲ್ಲಿ ಗೆರೆ ತುಂಡಾಗಿತ್ತು. ನಲವತ್ತೊಂದು ದಿನ ಬರಿದು.

ರಿಜಿಸ್ಟರು ಪೂರ್ತಿ ಇದೆಯಲ್ಲಮ್ಮ, ಮೇಡಂ ಸಹಿ ಕೂಡ ಇದೆ, ಯಾಕೆ ಬಿಟ್ಟೆ, ಎಂದು ಮುಖ್ಯಸ್ಥರು ಹಿಂದಿನಿಂದ ಕೇಳಿದರು. ಆ ನಲವತ್ತೊಂದು ದಿನದಲ್ಲಿ ಒಂದು ಅಂಕಿಯೂ ಸೊನ್ನೆಯಲ್ಲಿ ಮುಗಿದಿಲ್ಲ, ಐದರಲ್ಲೂ ಮುಗಿದಿಲ್ಲ ಸಾರ್, ಅದಕ್ಕೆ ಸೇರಿಸಿಕೊಳ್ಳಲಿಲ್ಲ ಎಂದಳು. ಯಾರು ಬರೆದರು ಎಂದು ಅವಳು ಹೇಳಲಿಲ್ಲ. ತರಗತಿಯಲ್ಲಿ ಯಾರೂ ನಗಲಿಲ್ಲ. ಮುಖ್ಯಸ್ಥರು ತಮ್ಮ ಫೋನು ನೋಡತೊಡಗಿದರು. ಕಾಲೇಜಿನ ಖಾಲಿ ದಿನಗಳಿಗೂ ಅವಳು ಒಂದು ಪಟ್ಟಿ ಮಾಡಿದ್ದಳು. ದಿನಗಳು ತುಂಬಿದ್ದವು, ಕಾರಣದ ಕಡೆ ಬಿಳಿ ಜಾಗವಿತ್ತು. ಅವಳು ವರದಿಯ ಆ ಪುಟ ತೆರೆದು ನನ್ನ ಮೇಜಿಗೆ ತಂದಿಟ್ಟಳು. ಕೈಯಲ್ಲಿ ಪೆನ್ನಿತ್ತು.

"ಇಲ್ಲಿ ಕಾರಣ ಏನು ಅಂತ ಬರೀಲಿ, ಮ್ಯಾಮ್?"

ನಾನು ಅವಳ ಮುಖ ನೋಡಿದೆ. ಇಷ್ಟು ದಿನ ಹುಡುಕಿದ ಬೆದರಿಕೆ ಅಲ್ಲಿ ಇರಲಿಲ್ಲ. ನಿಜವಾಗಿಯೂ ಅವಳಿಗೆ ಕಾರಣ ಬೇಕಿತ್ತು, ಅಷ್ಟೇ.

"ರಜೆ ಇತ್ತು. ಯಾರೂ ಮೀಟರ್ ಓದಲಿಲ್ಲ. ನಾನು ಸುಳ್ಳು ಅಂಕಿ ಬರೆದು ಸಹಿ ಹಾಕಿದೆ," ಎಂದೆ, ಹಿಂದಿನ ಬೆಂಚಿಗೂ ಕೇಳುವ ಹಾಗೆ.

ಅವಳು ಬಗ್ಗಿ ಬರೆಯತೊಡಗಿದಳು. ರಜೆ ಇತ್ತು ಎಂದು ಬರೆದಳು. ಯಾರೂ ಮೀಟರ್ ಓದಲಿಲ್ಲ ಎಂದೂ ಬರೆದಳು. ಅಲ್ಲಿಗೆ ಪೆನ್ನು ನಿಲ್ಲಿಸಿ, ಪುಟ ಮುಚ್ಚಲು ಹೋದಳು. ನಾನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮೂರನೆಯ ಸಾಲನ್ನು ನಾನೇ ಬರೆದೆ.